ಹೊಳೆಯದಿದ್ದರೂ ಸತ್ತಿರಲಿಲ್ಲ

ಹಳೇ ಅಲಾರಾಂ ಗಡಿಯಾರ ಬಿಚ್ಚಿ ಜೋಡಿಸುವುದು ನನ್ನ ಹುಚ್ಚು. ಶುರುವಿನಲ್ಲಿ ಗಾಜು ತೆಗೆದ ಕೂಡಲೇ ಡಯಲ್ ಮೇಲಿನ ಧೂಳನ್ನು ಉಫ್ ಅಂತ ಊದಿಬಿಡುತ್ತಿದ್ದೆ. ಈಗ ನೆನೆಸಿಕೊಂಡರೆ ಮೈ ಜುಂ ಅನ್ನುತ್ತದೆ.

ಒಂದು ಗಡಿಯಾರದ ಅಂಕಿ, ಮುಳ್ಳುಗಳ ಮೇಲೆ ಕತ್ತಲಲ್ಲಿ ಹೊಳೆಯಲೆಂದು ಹಚ್ಚಿದ್ದ ಬಣ್ಣ ಒಣಗಿ, ಬಿರುಕುಬಿಟ್ಟು, ಕಂದಾಗಿತ್ತು. ಕತ್ತಲಲ್ಲಿ ಹಿಡಿದು ನೋಡಿದೆ, ಹೊಳೆಯಲಿಲ್ಲ. ಸರಿ, ಶಕ್ತಿ ಮುಗಿದಿದೆ ಅಂದುಕೊಂಡು ಮುಳ್ಳು ಕಿತ್ತೆ. ಕೆಳಗೆ ಕಾಗದದ ಡಯಲ್ ಮೇಲೆ ಮುಳ್ಳಿನದೇ ಆಕಾರದ ಕಂದು ಕಲೆ! ಇಸ್ತ್ರಿ ಪೆಟ್ಟಿಗೆ ಇಟ್ಟು ಮರೆತ ಬಟ್ಟೆಯ ಹಾಗೆ. ನಿಂತ ಗಡಿಯಾರದಲ್ಲಿ ಮುಳ್ಳು ವರ್ಷಗಟ್ಟಲೆ ಒಂದೇ ಕಡೆ ಕೂತು ಕಾಗದವನ್ನು ಸುಟ್ಟಿತ್ತು.

ವಿಕಿರಣ ಇದ್ದರೆ ಸದ್ದು ಮಾಡಿ ತಿಳಿಸುವ ಗೈಗರ್ ಕೌಂಟರ್ ಎರವಲು ತಂದು ಹಿಡಿದೆ. ಒಂದೇ ಸಮನೆ ಚಟಚಟ. ರೇಡಿಯಂ, ವಿಕಿರಣ ಸೂಸುವ ಲೋಹ.

ನಾನು ಮೋಸ ಹೋಗಿದ್ದು ಇಲ್ಲೇ. ಹೊಳೆಯುವುದು ರೇಡಿಯಂ ಅಲ್ಲ, ಅದರ ಜೊತೆ ಕಲಸಿದ ಜಿಂಕ್ ಸಲ್ಫೈಡ್. ರೇಡಿಯಂನ ವಿಕಿರಣದ ಏಟು ತಿಂದು ತಿಂದು ಸುಸ್ತಾಗುವುದು ಈ ಜಿಂಕ್ ಸಲ್ಫೈಡ್. ರೇಡಿಯಂ-226 ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. 1960ರ ದಶಕದವರೆಗೂ ಈ ಬಣ್ಣ ಬಳಕೆಯಲ್ಲಿತ್ತು, ಅಂದರೆ ಅದರ ಲೆಕ್ಕದಲ್ಲಿ ನಿನ್ನೆ ಮೊನ್ನೆ ಬಳಿದ ಹಾಗೆ. ಗಾಜಿನೊಳಗೆ ಮುಚ್ಚಿದ್ದರೆ ಭಯ ಕಡಿಮೆ. ಪುಡಿ ಹೊಟ್ಟೆಗೋ ಶ್ವಾಸಕೋಶಕ್ಕೋ ಹೋದರೆ ಕಷ್ಟ: ದೇಹ ಅದನ್ನು ಕ್ಯಾಲ್ಸಿಯಂ ಅಂತ ತಿಳಿದು ಮೂಳೆಯಲ್ಲಿ ಕೂರಿಸಿಕೊಳ್ಳುತ್ತದೆ. ಅಮೆರಿಕದಲ್ಲಿ ಡಯಲ್‌ಗೆ ಬಣ್ಣ ಹಚ್ಚುತ್ತಿದ್ದ ಹುಡುಗಿಯರು ಕುಂಚವನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದರು. 1920ರ ದಶಕದಲ್ಲಿ ಅವರ ದವಡೆ ಮೂಳೆಗಳೇ ಕೊಳೆತವು. ನಾನು ಊದುತ್ತಿದ್ದ ಧೂಳು ಅದೇ ಅಲ್ವಾ?

ಈಗ ಕೌಂಟರ್ ಮೊದಲು, ಸ್ಕ್ರೂಡ್ರೈವರ್ ಆಮೇಲೆ. ಚಟಚಟ ಕೇಳಿದರೆ ಗಾಜು ತೆಗೆಯುವುದೇ ಇಲ್ಲ. ಬಣ್ಣ ಕೆರೆದು ಹೊಸದು ಹಚ್ಚಿ ಅಂತ ಕೇಳುವವರಿದ್ದಾರೆ, ಸುಮ್ನೆ ವಾಪಸ್ ಕೊಡುತ್ತೇನೆ.

ಬೇರೆ ವಸ್ತುಗಳಲ್ಲೂ ಕೈ ಬಿಗಿ ಹಿಡಿದಿದ್ದೇನೆ. ಹಳೇ ಬಣ್ಣವನ್ನು ಒಣಗಿದ್ದ ಹಾಗೇ ಉಜ್ಜುವುದಿಲ್ಲ, ಸೀಸ ಇರಬಹುದು. ಹಳೇ ಟೋಸ್ಟರ್, ಹೀಟರ್ ಒಳಗೆ ಬಿಳಿ ನಾರು ಕಂಡರೆ ಕಲ್ನಾರು (ಆಸ್‌ಬೆಸ್ಟಾಸ್) ಅಂತಲೇ ಲೆಕ್ಕ. ಲೋಲಕದಲ್ಲಿ ಪಾದರಸದ ಕೊಳವೆ ಇರುವ ಗಡಿಯಾರವನ್ನು ಮಲಗಿಸುವುದಿಲ್ಲ. ಪಾದರಸ ಚೆಲ್ಲಿದರೆ ವ್ಯಾಕ್ಯೂಮ್ ಕ್ಲೀನರ್ ಹಿಡಿಯಬೇಡಿ, ಅದು ಆವಿಯನ್ನು ಕೋಣೆಯೆಲ್ಲ ಹರಡುತ್ತದೆ.

ಆ ಮೊದಲ ಗಡಿಯಾರವನ್ನು ಕಿತ್ತ ಮುಳ್ಳಿನ ಸಮೇತ ಜಿಪ್ ಚೀಲದಲ್ಲಿ ಹಾಕಿ, ಮೇಲೆ ದೊಡ್ಡದಾಗಿ ರೇಡಿಯಂ ಅಂತ ಬರೆದಿಟ್ಟಿದ್ದೇನೆ. ಮುಳ್ಳಿಲ್ಲದಿದ್ದರೂ ಡಯಲ್ ಮೇಲಿನ ಕಲೆ ಇನ್ನೂ ನಾಲ್ಕು ಗಂಟೆ ಹತ್ತು ನಿಮಿಷ ತೋರಿಸುತ್ತಿದೆ.