ಚೀಲಕ್ಕಿಂತ ತೂತು ಮುಖ್ಯ

ಮಕ್ಕಳ ಬೆನ್ನುಹುರಿಯ ಪಕ್ಕ ನೀರಿನ ಚೀಲ ಬೆಳೆಯುವುದು ಅಪರೂಪ. ಬೆನ್ನುಹುರಿಯನ್ನು ಸುತ್ತಿರುವ ಡ್ಯೂರಾ ಎಂಬ ಗಟ್ಟಿ ಪೊರೆಯ ಹೊರಗೆ ಬೆಳೆಯುವ ಅರಕ್ನಾಯ್ಡ್ ಸಿಸ್ಟ್ ಎಂಬ ಚೀಲ ಅಂತೂ ಇನ್ನೂ ಅಪರೂಪ. ಅಂಥ ಮಕ್ಕಳು ನನ್ನ ಹತ್ತಿರ ಬರುವಷ್ಟರಲ್ಲಿ ವಿಟಮಿನ್ ಮಾತ್ರೆ, ಎಣ್ಣೆ ಮಾಲೀಶು ಎಲ್ಲ ಮುಗಿದಿರುತ್ತದೆ.

ಒಬ್ಬಳು ಹೈಸ್ಕೂಲ್ ಹುಡುಗಿ. ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿದ್ದೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಕೆಲವು ದಿನ ಚೆನ್ನಾಗಿರುತ್ತಾಳೆ, ಕೆಲವು ದಿನ ಕಾಲು ಬಿಗಿ. ಸ್ಕೂಲಿಗೆ ಚಕ್ಕರ್ ಹೊಡೆಯೋಕೆ ನಾಟಕ ಅಂತ ಮನೆಯಲ್ಲಿ ಬೈದಿದ್ದರಂತೆ. ಮಂಡಿಗೆ ಸುತ್ತಿಗೆ ತಟ್ಟಿದರೆ ಕಾಲು ಜೋರಾಗಿ ಚಿಮ್ಮಿತು. ಅಂಗಾಲು ಗೀರಿದರೆ ಹೆಬ್ಬೆರಳು ಮೇಲಕ್ಕೆದ್ದಿತು. ಅಲ್ಲಿಗೆ ತೊಂದರೆ ಬೆನ್ನುಹುರಿಯಲ್ಲಿದೆ ಅಂತಾಯಿತು. ಎಂಆರ್‌ಐನಲ್ಲಿ ಎದೆಯ ಮಟ್ಟದಿಂದ ಸೊಂಟದ ತನಕ ಉದ್ದನೆಯ ಚೀಲ. ಮುಂದಿದ್ದ ಬೆನ್ನುಹುರಿ ಚಪ್ಪಟೆಯಾಗಿತ್ತು. ಇಂಥವರ ಕಣ್ಣಿನ ರೆಪ್ಪೆಗೂದಲನ್ನೂ ನೋಡುತ್ತೇನೆ. ಎರಡು ಸಾಲು ಇದ್ದರೆ ಫಾಕ್ಸ್‌ಸಿ2 ಎಂಬ ಜೀನ್‌ನ ತೊಂದರೆ ಇರಬಹುದು, ಅದು ವಂಶದಲ್ಲಿ ಬರುವಂಥದ್ದು. ಇವಳಿಗೆ ಇರಲಿಲ್ಲ.

“ಬರೀ ನೀರಲ್ವಾ ಡಾಕ್ಟ್ರೇ? ಸೂಜಿ ಹಾಕಿ ತೆಗೆದುಬಿಡಿ,” ಅಂದರು ತಾಯಿ.

“ತೆಗೀಬಹುದಮ್ಮ. ಆದ್ರೆ ಮತ್ತೆ ತುಂಬ್ಕೊಳ್ಳುತ್ತೆ.”

ಡ್ಯೂರಾದಲ್ಲಿ ಒಂದು ಸಣ್ಣ ತೂತಿರುತ್ತದೆ. ಬೆನ್ನುಹುರಿಯ ಸುತ್ತಲಿನ ಸಿಎಸ್‌ಎಫ್ ನೀರು ಅದರಿಂದಲೇ ಚೀಲಕ್ಕೆ ನುಗ್ಗುತ್ತದೆ. ಸೈಕಲ್ ಟ್ಯೂಬಿನ ವಾಲ್ವ್ ಥರ, ಹೋದದ್ದು ಸುಲಭಕ್ಕೆ ವಾಪಸ್ ಬರುವುದಿಲ್ಲ. ಕೆಮ್ಮಿದರೆ, ತಿಣುಕಿದರೆ ಇನ್ನೂ ಜಾಸ್ತಿ.

ಇಡೀ ಚೀಲ ಕಿತ್ತು ಹಾಕಬೇಕಾ ಎನ್ನುವುದರಲ್ಲಿ ನಮ್ಮ ಸರ್ಜನ್‌ಗಳಲ್ಲೇ ಒಮ್ಮತವಿಲ್ಲ. ತೂತಿನ ಜಾಗ ಮೊದಲೇ ಗೊತ್ತಾದರೆ ನಾನು ಅಲ್ಲಿ ಮಾತ್ರ ತೆರೆಯುತ್ತೇನೆ. ಬೆಳೆಯುವ ಮಗುವಿನ ಬೆನ್ನನ್ನು ಉದ್ದಕ್ಕೂ ಬಿಚ್ಚುವುದು ನನಗೆ ಸರಿ ಕಾಣುವುದಿಲ್ಲ, ಮುಂದೆ ಗೂನು ಬರಬಹುದು. ಅದಕ್ಕೇ ಸಿಟಿ ಮೈಲೋಗ್ರಾಮ್ ಮಾಡಿಸಿದೆವು. ಸೊಂಟದಲ್ಲಿ ಸೂಜಿ ಹಾಕಿ ಸ್ಕ್ಯಾನಿನಲ್ಲಿ ಕಾಣುವ ಡೈ ಕೊಟ್ಟು, ಚೀಲದಲ್ಲಿ ಅದು ಮೊದಲು ಎಲ್ಲಿ ಕಾಣುತ್ತದೆ ಅಂತ ನೋಡುವುದು. ಬೆನ್ನುಮೂಳೆಯ ಎದೆಭಾಗವೂ ಸೊಂಟದ ಭಾಗವೂ ಸೇರುವ ಕಡೆ, ಒಂದು ನರ ಹೊರಡುವ ಬುಡದಲ್ಲೇ ತೂತು ಸಿಕ್ಕಿತು. ಈ ತೂತುಗಳು ಹೆಚ್ಚಾಗಿ ಅಂಥ ಕಡೆಯೇ ಇರುತ್ತವೆ.

ಹೊಟ್ಟೆ ಒತ್ತದ ಹಾಗೆ ಮಗ್ಗುಲಿಗೆ ದಿಂಬಿಟ್ಟು ಬೋರಲು ಮಲಗಿಸಿದೆವು. ಹೊಟ್ಟೆ ಒತ್ತಿದರೆ ಬೆನ್ನಿನ ರಕ್ತನಾಳಗಳು ಉಬ್ಬಿ ರಕ್ತ ಜಾಸ್ತಿ ಹೋಗುತ್ತದೆ. ಹಿಂದಿನ ಮೂಳೆಯನ್ನು ಇಡಿಯಾಗಿ ಎತ್ತಿಟ್ಟುಕೊಂಡೆ, ಕೊನೆಗೆ ಪ್ಲೇಟ್ ಹಾಕಿ ಮತ್ತೆ ಕೂರಿಸಲು. ಮೈಕ್ರೋಸ್ಕೋಪಿನಡಿ ಚೀಲದ ಗೋಡೆ ತೆಳ್ಳಗೆ, ನೀಲಿ ಛಾಯೆಯಲ್ಲಿತ್ತು. ಕತ್ತರಿಸಿದ ಕೂಡಲೇ ತಿಳಿನೀರು ಚಿಮ್ಮಿತು. ಒಳಗೆ ಹೋದರೆ ತೂತು ಕೆಲವೇ ಮಿಲಿಮೀಟರ್, ಅದರೊಳಗೆ ಬಿಳಿ ನರದ ಎಳೆಯೊಂದು ಇಣುಕುತ್ತಿತ್ತು. ಅದನ್ನು ಮೆಲ್ಲಗೆ ಒಳಗೆ ತಳ್ಳಿ, 6-0 ಎಂಬ ತೀರಾ ತೆಳ್ಳನೆಯ ದಾರದಲ್ಲಿ ತೂತು ಹೊಲಿದೆ. ಆಮೇಲೆ ಅನಸ್ತೇಸಿಯಾದವರಿಗೆ, “ಮೇಡಂ, ಸ್ವಲ್ಪ ಪ್ರೆಷರ್ ಕೊಡಿ” ಅಂದೆ. ಶ್ವಾಸಕೋಶ ಉಬ್ಬಿಸಿ ಹಿಡಿದರೆ ಸಿಎಸ್‌ಎಫ್ ಒತ್ತಡ ಏರುತ್ತದೆ, ಹೊಲಿಗೆ ಸೋರಿದರೆ ಆಗಲೇ ಗೊತ್ತಾಗುತ್ತದೆ. ಸೋರಲಿಲ್ಲ.

ಕಾಲಿನ ಬಿಗಿ ಬೇಗ ಇಳಿಯಿತು. ಬಲ ಬರಲು ಜಾಸ್ತಿ ಸಮಯ ಹಿಡಿಯಿತು, ಫಿಸಿಯೋಥೆರಪಿಯನ್ನು ತಾಯಿಯೇ ಹಟ ಹಿಡಿದು ಮಾಡಿಸಿದರು. ಅವಳು ಬೆಳೆದು ನಿಲ್ಲುವ ತನಕ ಆಗಾಗ ಬೆನ್ನಿನ ಎಕ್ಸ್‌ರೇ ತೆಗೆಸಿ ಗೂನು ಬರುತ್ತಿದೆಯಾ ಅಂತ ನೋಡುತ್ತಿರುತ್ತೇವೆ.