ಲೀಸ್ 80 ವರ್ಷಕ್ಕೆ ಇಳಿಯುವ ಮೊದಲೇ ನೋಟಿಸ್ ಕೊಡಿ

ಇಂಗ್ಲೆಂಡಿನಲ್ಲಿ ಫ್ಲ್ಯಾಟ್ ಕೊಂಡಿರುವ ನಮ್ಮವರು ಸಿಕ್ಕಿದರೆ ನಾನು ಕೇಳುವುದು ಒಂದೇ ಪ್ರಶ್ನೆ: ಲೀಸಿನಲ್ಲಿ ಇನ್ನೆಷ್ಟು ವರ್ಷ ಉಳಿದಿದೆ? ‘125 ವರ್ಷದ ಲೀಸ್ ಇದೆ’ ಅನ್ನುವವರೇ ಜಾಸ್ತಿ. ಅದು ಶುರುವಾದಾಗಿನ ಲೆಕ್ಕ ಅಲ್ವಾ? ಇಲ್ಲಿ ಫ್ಲ್ಯಾಟ್ ಕೊಂಡರೆ ಸಾಮಾನ್ಯವಾಗಿ ಸಿಗುವುದು ಇಷ್ಟು ವರ್ಷಗಳ ಹಕ್ಕು, ಅದೇ ಲೀಸ್. ವರ್ಷ ಕಳೆದಂತೆ ಅದು ಕರಗುತ್ತದೆ. ಹಣ ಕೊಟ್ಟು ವಿಸ್ತರಿಸಿಕೊಳ್ಳಬಹುದು, ಅದಕ್ಕೆ ಕಟ್ಟಡದ ಮಾಲೀಕರಿಗೆ (ಫ್ರೀಹೋಲ್ಡರ್) ನೋಟಿಸ್ ಕೊಡಬೇಕು.

ಲಂಡನ್ನಿನ ಹ್ಯಾರೋದಲ್ಲಿರುವ ನಮ್ಮ ಫ್ಲ್ಯಾಟಿನ ಲೀಸಿನಲ್ಲಿ ‘1983ರ ಮಾರ್ಚ್ 25ರಿಂದ 125 ವರ್ಷ’ ಅಂತಿತ್ತು. ನೀವು ಮನೆ ಕೊಂಡ ದಿನ, ಲೀಸಿಗೆ ಸಹಿ ಬಿದ್ದ ದಿನ ಯಾವುದೂ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಈ ಸಾಲನ್ನೇ ಹುಡುಕಿ. ನಮ್ಮದು 2108ರ ಮಾರ್ಚಿಗೆ ಮುಗಿಯಬೇಕಿತ್ತು. ಅಂದರೆ 2028ರ ಮಾರ್ಚಿಗೆ 80 ವರ್ಷಕ್ಕೆ ಇಳಿಯುತ್ತಿತ್ತು. ನಿಮ್ಮ ಹತ್ತಿರ ಲೀಸಿನ ಪ್ರತಿ ಇಲ್ಲದಿದ್ದರೆ ಲ್ಯಾಂಡ್ ರಿಜಿಸ್ಟ್ರಿಯಿಂದ ತರಿಸಿಕೊಳ್ಳಿ.

80 ವರ್ಷ ಯಾಕೆ ಮುಖ್ಯ? 80 ಅಥವಾ ಅದಕ್ಕಿಂತ ಕಡಿಮೆಯಾದರೆ ವಿಸ್ತರಣೆಯ ಬೆಲೆಗೆ ‘ಮ್ಯಾರೇಜ್ ವ್ಯಾಲ್ಯೂ’ ಸೇರಿಕೊಳ್ಳುತ್ತದೆ. ಲೀಸ್ ಉದ್ದವಾದ ಮೇಲೆ ಫ್ಲ್ಯಾಟಿನ ಬೆಲೆ ಏರುತ್ತದಲ್ಲ, ಆ ಲಾಭದಲ್ಲಿ ಅರ್ಧ ಫ್ರೀಹೋಲ್ಡರ್‌ಗೆ ಹೋಗುತ್ತದೆ. ಉದಾಹರಣೆಗೆ, ಉದ್ದ ಲೀಸಿದ್ದರೆ 3 ಲಕ್ಷ ಪೌಂಡ್ ಬಾಳುವ ಫ್ಲ್ಯಾಟ್, ಗ್ರೌಂಡ್ ರೆಂಟ್ (ಫ್ರೀಹೋಲ್ಡರ್‌ಗೆ ಕಟ್ಟುವ ನೆಲಬಾಡಿಗೆ) ವರ್ಷಕ್ಕೆ 100 ಪೌಂಡ್ ಅಂದುಕೊಳ್ಳಿ. 82 ವರ್ಷ ಉಳಿದಿರುವಾಗ, ಸಾಮಾನ್ಯವಾಗಿ ಹಿಡಿಯುವ ಶೇಕಡಾ 5ರ ದರದಲ್ಲಿ ಲೆಕ್ಕ ಹಾಕಿದರೆ ಪ್ರೀಮಿಯಂ, ಅಂದರೆ ವಿಸ್ತರಣೆಗೆ ಕೊಡುವ ಹಣ, ಹೆಚ್ಚುಕಡಿಮೆ 7 ಸಾವಿರ. 79 ವರ್ಷ ಆಗಲಿ. ಈಗಿನ ಲೀಸಿನೊಂದಿಗೆ ಫ್ಲ್ಯಾಟ್ 2 ಲಕ್ಷ 65 ಸಾವಿರ ಬಾಳುತ್ತದೆ ಅಂತ ಹಿಡಿದರೆ, ಮ್ಯಾರೇಜ್ ವ್ಯಾಲ್ಯೂ ಪಾಲೇ ಸುಮಾರು 13,500. ಒಟ್ಟು 21 ಸಾವಿರ ದಾಟುತ್ತದೆ. ಮೂರು ವರ್ಷ ಸುಮ್ನೆ ಕೂತಿದ್ದಕ್ಕೆ ಮೂರು ಪಟ್ಟು!

ಬೆಲೆ ಲೆಕ್ಕ ಹಾಕುವುದು ನೋಟಿಸ್ ಕೊಟ್ಟ ದಿನಕ್ಕೆ. ಆದ್ದರಿಂದ ಗಡುವಿನ ಒಳಗೆ ನೋಟಿಸ್ ತಲುಪಿದರೆ ಸಾಕು, ಮಾತುಕತೆ ಎಷ್ಟು ಎಳೆದರೂ 80ರ ಗೆರೆ ದಾಟಿದ ಹಾಗಾಗುವುದಿಲ್ಲ.

1993ರ ಕಾನೂನಿನ ಪ್ರಕಾರ ನಿಮಗೆ ಸಿಗುವುದು ಉಳಿದ ವರ್ಷಗಳ ಮೇಲೆ ಇನ್ನೂ 90 ವರ್ಷ. ಗ್ರೌಂಡ್ ರೆಂಟ್ ಪೂರ್ತಿ ಹೋಗುತ್ತದೆ. ಮೊದಲು ಲೀಸ್ ವಿಸ್ತರಣೆಯಲ್ಲೇ ಪಳಗಿದ ವ್ಯಾಲ್ಯುವರ್ (ಬೆಲೆ ಅಂದಾಜು ಮಾಡುವವರು) ಒಬ್ಬರನ್ನು ಹಿಡಿಯಿರಿ, ಆಮೇಲೆ ಅಂಥದ್ದೇ ಸಾಲಿಸಿಟರ್ (ವಕೀಲರು). ಮನೆ ಮಾರಾಟದ ಕಾಗದ ಮಾಡಿಕೊಟ್ಟವರು ಈ ಕೆಲಸಕ್ಕೂ ಆಗುತ್ತಾರೆ ಅಂದುಕೊಳ್ಳಬೇಡಿ. ಇದರಲ್ಲಿ ದಿನಾಂಕ ತಪ್ಪಿದರೆ ತುಂಬ ದುಬಾರಿ. ವಿಸ್ತರಣೆ ಕೇಳುವ ನೋಟಿಸಿನಲ್ಲಿ (ಸೆಕ್ಷನ್ 42 ನೋಟಿಸ್) ನೀವೇ ಒಂದು ಮೊತ್ತ ಹೇಳಬೇಕು. ಚೌಕಾಸಿ ಮಾಡೋಣ ಅಂತ ತೀರಾ ಕಡಿಮೆ ಬರೆದರೆ ನೋಟಿಸೇ ಬಿದ್ದುಹೋಗಬಹುದು. ವ್ಯಾಲ್ಯುವರ್ ಕೊಟ್ಟ ಅಂದಾಜಿನ ಕೆಳತುದಿಯನ್ನು ಬರೆಯಿರಿ.

ಉತ್ತರಿಸಲು ಫ್ರೀಹೋಲ್ಡರ್‌ಗೆ ನೀವು ಕನಿಷ್ಠ ಎರಡು ತಿಂಗಳು ಕೊಡಬೇಕು. ಅವರು ಠೇವಣಿ ಕೇಳಬಹುದು: ನೀವು ಬರೆದ ಮೊತ್ತದ ಶೇಕಡಾ 10 ಅಥವಾ 250 ಪೌಂಡ್, ಯಾವುದು ಜಾಸ್ತಿಯೋ ಅದು. ಅವರ ಉತ್ತರದಲ್ಲಿ ದೊಡ್ಡ ಮೊತ್ತ ಬರುತ್ತದೆ, ಗಾಬರಿ ಬೇಡ. ಚೌಕಾಸಿ ಶುರುವಾಗುವುದೇ ಅಲ್ಲಿಂದ. ಉತ್ತರ ಬಂದ ಎರಡು ತಿಂಗಳ ನಂತರ, ಆರು ತಿಂಗಳ ಒಳಗೆ, ಮೊತ್ತ ಇನ್ನೂ ಒಪ್ಪಿಗೆಯಾಗದಿದ್ದರೆ, ಇಂಥ ವಿವಾದ ತೀರ್ಮಾನಿಸುವ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಬೇಕು. ಈ ಆರು ತಿಂಗಳು ತಪ್ಪಿದರೆ ನೋಟಿಸ್ ವಾಪಸ್ ಪಡೆದ ಲೆಕ್ಕ. ಆಮೇಲೆ ಒಂದು ವರ್ಷ ಹೊಸದು ಕೊಡುವ ಹಾಗಿಲ್ಲ, ಅವರ ಖರ್ಚೂ ನಿಮ್ಮ ತಲೆಗೆ. ಮಾತುಕತೆ ಚೆನ್ನಾಗಿ ನಡೆಯುತ್ತಿದ್ದರೂ ಅರ್ಜಿ ಹಾಕಿಬಿಡಿ. ಕೆಲಸ ಸರಿಯಾಗಿ ಮುಗಿದರೂ ಅವರ ವಕೀಲರ, ವ್ಯಾಲ್ಯುವರ್‌ನ ನ್ಯಾಯವಾದ ಖರ್ಚನ್ನು ನೀವೇ ಕೊಡಬೇಕು. ಅದನ್ನು ಮೊದಲೇ ಬಜೆಟ್ಟಿನಲ್ಲಿ ಇಟ್ಟುಕೊಳ್ಳಿ.

ಈ ನಡುವೆ ಫ್ರೀಹೋಲ್ಡರ್ ಕಡೆಯಿಂದ ಒಂದು ಸಿಹಿ ಪತ್ರ ಬರಬಹುದು. ನಮಗೂ ಬಂದಿತ್ತು: ಲೀಸನ್ನು ಮತ್ತೆ 125 ವರ್ಷಕ್ಕೆ ಏರಿಸುತ್ತೇವೆ, ಇಷ್ಟು ಕೊಡಿ, 14 ದಿನದಲ್ಲಿ ಒಪ್ಪಿಗೆ ತಿಳಿಸಿ. ಒಳಗೆ ಓದಿದರೆ ನಮಗೆ ಸಿಗುತ್ತಿದ್ದದ್ದು 90 ವರ್ಷದ ಅರ್ಧದಷ್ಟೇ. ಹಳೇ ಅವಧಿ ಮುಗಿಯುವ ತನಕ ಗ್ರೌಂಡ್ ರೆಂಟ್ ಹಾಗೇ ಇರುತ್ತಿತ್ತು. ಇಂಥ ಒಪ್ಪಂದ ಎಲ್ಲವೂ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ಕಾನೂನಿನ ದಾರಿಯ ಲೆಕ್ಕ ಕೈಯಲ್ಲಿ ಇಲ್ಲದೆ ಸಹಿ ಹಾಕಬೇಡಿ. ನೋಟಿಸ್ ಇಲ್ಲದೆ ನಡೆಯುವ ಚರ್ಚೆಗೆ ಗಡುವೂ ಇಲ್ಲ, ರಕ್ಷಣೆಯೂ ಇಲ್ಲ.

ಬೆಂಗಳೂರಿಗೆ ವಾಪಸ್ ಹೋಗಿ ಇಲ್ಲಿನ ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟಿರುವವರು ಬಹಳ ಮಂದಿ. ನಿಮಗೂ ಈ ಹಕ್ಕಿದೆ. ಫ್ಲ್ಯಾಟಿನಲ್ಲಿ ವಾಸ ಇರಲೇಬೇಕು ಅಂತಿಲ್ಲ. 2014ರ ತಿದ್ದುಪಡಿಯ ನಂತರ ನೋಟಿಸಿಗೆ ನಿಮ್ಮ ಪರವಾಗಿ ಸಾಲಿಸಿಟರ್ ಸಹಿ ಹಾಕಬಹುದು. ಕೊಂಡ ಮೇಲೆ ಎರಡು ವರ್ಷ ಕಾಯಬೇಕೆಂಬ ನಿಯಮವೂ 2025ರ ಜನವರಿ 31ಕ್ಕೆ ಹೋಯಿತು.

ಇನ್ನು 2024ರ ಹೊಸ ಕಾನೂನು. ಅದರಲ್ಲಿ 990 ವರ್ಷದ ವಿಸ್ತರಣೆ ಇದೆ, ಮ್ಯಾರೇಜ್ ವ್ಯಾಲ್ಯೂ ತೆಗೆಯುವ ಮಾತೂ ಇದೆ. ನಾನು ಇದನ್ನು ಬರೆಯುವಾಗ ಆ ಭಾಗಗಳು ಜಾರಿಗೆ ಬಂದಿಲ್ಲ. ನಿಮ್ಮದು 95 ವರ್ಷ ಇದ್ದರೆ ನಿಶ್ಚಿಂತೆಯಿಂದ ಕಾಯಿರಿ. ಈಗಾಗಲೇ 80ಕ್ಕಿಂತ ಕೆಳಗಿದ್ದು, ಸದ್ಯಕ್ಕೆ ಮಾರುವ, ಸಾಲ ಬದಲಿಸುವ ಯೋಚನೆ ಇಲ್ಲದಿದ್ದರೆ ಕಾಯುವುದೇ ಲಾಭವಾಗಬಹುದು, ವ್ಯಾಲ್ಯುವರ್‌ನ ಕೇಳಿ. 81, 82ರಲ್ಲಿರುವವರು ಮಾತ್ರ ಕಾಯಬೇಡಿ. ಅನುಮಾನ ಇದ್ದರೆ ಸರ್ಕಾರದ ಹಣದಲ್ಲಿ ನಡೆಯುವ ಲೀಸ್‌ಹೋಲ್ಡ್ ಅಡ್ವೈಸರಿ ಸರ್ವಿಸ್ ಉಚಿತವಾಗಿ ಸಲಹೆ ಕೊಡುತ್ತದೆ. ಸಾಲಿಸಿಟರ್‌ಗೆ ಫೀಸ್ ಕೊಡುವ ಮೊದಲು ಅವರ ಜೊತೆ ಮಾತಾಡಿ.