ಕಡೆಗಣಿಸಿದ ಮುದಿ ಬೆಕ್ಕನ್ನು ದತ್ತು ಕೊಡುವ ಮುನ್ನ

ಬಾಡಿಗೆ ಮನೆ ಖಾಲಿ ಮಾಡಿದವರು ಬಿಟ್ಟುಹೋದ ಮುದಿ ಬೆಕ್ಕನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯಬೇಡಿ. ಕೋಲಾರದಲ್ಲಿ ಸುಲಭವಾಗಿ ಸಿಗುವ ಟೊಮೆಟೊ ಕ್ರೇಟನ್ನು ಮಗ್ಗುಲಿಗೆ ಮಲಗಿಸಿ, ಹಳೆಯ ಟವೆಲ್ ಹಾಸಿ, ಬೇಯಿಸಿದ ಮೀನಿನ ತುಣುಕಿಟ್ಟು, ಅದು ತಾನಾಗಿ ಒಳಗೆ ಬರುವವರೆಗೆ ಕಾಯಿರಿ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹಸಿದ ಜೀವಕ್ಕೆ ಹೊಟ್ಟೆ ತುಂಬ ಹಾಕಬೇಕೆನಿಸುವುದು ಸಹಜ, ಆದರೆ ಅಪಾಯವಿರುವುದೇ ಅಲ್ಲಿ. ಬಹುದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಹೆಚ್ಚು ಆಹಾರ ಸಿಕ್ಕರೆ ರಕ್ತದಲ್ಲಿನ ರಂಜಕ, ಪೊಟ್ಯಾಸಿಯಂ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಆದ್ದರಿಂದ ಮೊದಲ ದಿನಗಳಲ್ಲಿ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಸೇರದ ಬೇಯಿಸಿದ ಕೋಳಿಮಾಂಸವನ್ನು ಒಂದೆರಡು ಚಮಚದಂತೆ ದಿನಕ್ಕೆ ಐದಾರು ಸಲ ಕೊಡಿ. ಹಾಲು ಬೇಡ, ಎಷ್ಟೋ ಬೆಳೆದ ಬೆಕ್ಕುಗಳಿಗೆ ಅದರಿಂದ ಭೇದಿಯಾಗುತ್ತದೆ.

ನಾನು ಆರೈಕೆ ಮಾಡಿದ ಬೂದುಬಣ್ಣದ ಹೆಣ್ಣು ಬೆಕ್ಕೊಂದು ತುಣುಕನ್ನು ಬಾಯಿಗೆ ತೆಗೆದುಕೊಂಡು, ತಲೆ ಓರೆ ಮಾಡಿ, ಮತ್ತೆ ಬಟ್ಟಲಿಗೇ ಬೀಳಿಸುತ್ತಿತ್ತು. ಹಟವೆಂದುಕೊಂಡಿದ್ದೆ, ಪಶುವೈದ್ಯರು ಬಾಯಿ ತೆರೆಸಿದಾಗ ಒಸಡು ಕೀವುಗಟ್ಟಿತ್ತು. ಆದ್ದರಿಂದ ಹಲ್ಲಿನ ತಪಾಸಣೆಯ ಜೊತೆಗೆ, ವಯಸ್ಸಾದ ಬೆಕ್ಕುಗಳನ್ನು ಹೆಚ್ಚಾಗಿ ಕಾಡುವ ಮೂತ್ರಪಿಂಡ ಮತ್ತು ಥೈರಾಯ್ಡ್ ತೊಂದರೆಗಳಿಗಾಗಿ ರಕ್ತಪರೀಕ್ಷೆಯನ್ನೂ ಮಾಡಿಸಿ. ನೋವಿಗೆಂದು ಪ್ಯಾರಾಸಿಟಮಾಲ್ ಕೊಡಲೇಬೇಡಿ. ಬೆಕ್ಕಿಗೆ ಅದು ವಿಷ.

ಮನೆಯ ಇತರ ಬೆಕ್ಕುಗಳಿಂದ ಎರಡು ವಾರ ಬೇರೆಯಾಗಿರಿಸಿ, ವೈದ್ಯರ ಸಲಹೆಯಂತೆ ಜಂತುನಾಶಕ ಮತ್ತು ಲಸಿಕೆ ಕೊಡಿಸಿ. ದತ್ತು ಕೇಳಿ ಬಂದವರಿಗೆ ಅದರ ವಯಸ್ಸು, ಕಾಯಿಲೆ, ಔಷಧದ ಖರ್ಚು ಯಾವುದನ್ನೂ ಮುಚ್ಚಿಡದೆ ತಿಳಿಸಿ, ಅದು ಮಲಗುತ್ತಿದ್ದ ಟವೆಲನ್ನು ತೊಳೆಯದೆಯೇ ಜೊತೆಗೆ ಕಳುಹಿಸಿ.